ಮನೆಯ ಅಕ್ವೇರಿಯಂನಲ್ಲಿ ಉಪಕರಣ ಒಡೆದು ನೀರು ಕಲುಷಿತಗೊಂಡಾಗ ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಅಕ್ವೇರಿಯಂನಿಂದ ಬದಲಿಸಿದ ನೀರನ್ನು ತೆಂಗಿನ ಪಾತಿಗೆ ಹಾಕಬಹುದು. ಮೀನಿನ ತ್ಯಾಜ್ಯ ಬೆರೆತ ಸಿಹಿನೀರು ಗಿಡಗಳಿಗೆ ಉಪಯುಕ್ತ. ಆದರೆ ಥರ್ಮಾಮೀಟರ್, ಹೀಟರ್ ಅಥವಾ ಪಂಪು ಒಡೆದ ಸಂದರ್ಭದಲ್ಲಿ ಹೀಗೆ ಮಾಡತಕ್ಕದ್ದಲ್ಲ. ಸೋರಿದ ವಸ್ತು ಯಾವುದೆಂದು ತಿಳಿಯುವವರೆಗೆ ಆ ನೀರನ್ನು ತೊಟ್ಟಿಯಿಂದ ಹೊರಚೆಲ್ಲಬಾರದು.

ತಕ್ಷಣದ ಕ್ರಮಗಳು

1. ನೀರಿಗೆ ಕೈ ಹಾಕುವ ಮೊದಲು ಅಕ್ವೇರಿಯಂನ ಎಲ್ಲಾ ಉಪಕರಣಗಳ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸತಕ್ಕದ್ದು. ಒಡೆದ ಹೀಟರಿನಿಂದ ನೀರಿನಲ್ಲಿ ವಿದ್ಯುತ್ ಹರಿಯುವ ಸಂಭವವಿದೆ. ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೂ ಕೀಳಬೇಕು. ಪ್ಲಗ್ ಒದ್ದೆಯಾಗಿದ್ದಲ್ಲಿ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಬೇಕು.
2. ಮೀನುಗಳನ್ನು ಬಲೆಯಿಂದ ಹಿಡಿದು, ಹೆಚ್ಚುಕಡಿಮೆ ಅಷ್ಟೇ ಉಷ್ಣತೆಯ ಶುದ್ಧ ನೀರಿಗೆ ವರ್ಗಾಯಿಸಬೇಕು. ಕ್ಲೋರಿನ್ ಬೆರೆತ ನಲ್ಲಿ ನೀರಾದಲ್ಲಿ ಅಕ್ವೇರಿಯಂ ಅಂಗಡಿಯಲ್ಲಿ ದೊರೆಯುವ ಕ್ಲೋರಿನ್ ನಿವಾರಕವನ್ನು ಬಳಸಬೇಕು, ಇಲ್ಲವೇ 24 ಗಂಟೆ ತೆರೆದಿಟ್ಟ ನೀರನ್ನು ಬಳಸಬೇಕು.
3. ಗಾಜಿನ ಚೂರುಗಳನ್ನು ಬರಿಗೈಯಿಂದ ಮುಟ್ಟಬಾರದು. ನಳಿಕೆಯನ್ನು ಬಾಯಿಯಿಂದ ಎಳೆದು ನೀರು ತೆಗೆಯಬಾರದು.

ಸೋರಿದ ವಸ್ತುವಿನ ಗುರುತು ಮತ್ತು ಪರಿಹಾರ

ಅ) ಕೆಂಪು ಅಥವಾ ನೀಲಿ ದ್ರವ: ಇದು ಸಾಮಾನ್ಯವಾಗಿ ಬಣ್ಣ ಬೆರೆಸಿದ ಮದ್ಯಸಾರ ಅಥವಾ ಸೀಮೆಎಣ್ಣೆಯಂತಹ ದ್ರವವಾಗಿರುತ್ತದೆ. ಇದರ ಪ್ರಮಾಣ ಅತ್ಯಲ್ಪ. ಚೂರುಗಳನ್ನು ತೆಗೆದು, ಅರ್ಧದಷ್ಟು ನೀರನ್ನು ಬದಲಿಸಿ, ಫಿಲ್ಟರಿನಲ್ಲಿ ಸಕ್ರಿಯ ಇಂಗಾಲವನ್ನು ಇಡಬಹುದು. ತೆಂಗಿನ ಚಿಪ್ಪಿನ ಇದ್ದಿಲಿನಿಂದ ಸಕ್ರಿಯ ಇಂಗಾಲ ತಯಾರಾಗುತ್ತದೆಯಾದರೂ, ಒಲೆಯಲ್ಲಿ ಉಳಿದ ಸಾಮಾನ್ಯ ಇದ್ದಿಲು ಅದಕ್ಕೆ ಬದಲಿಯಲ್ಲ.

ಆ) ಹೀಟರಿನೊಳಗಿನ ಮರಳು ಮತ್ತು ತಂತಿ: ಮರಳು ಸ್ವತಃ ವಿಷವಲ್ಲ. ಚೂರು ಹಾಗೂ ತಂತಿಯನ್ನು ತೆಗೆದು, ತಳವನ್ನು ಶುಚಿಗೊಳಿಸಿ, ನೀರನ್ನು ಬದಲಿಸಿದರೆ ಸಾಕು. ಒಡೆದ ಹೀಟರನ್ನು ಅಂಟಿಸಿ ಮರುಬಳಕೆ ಮಾಡಬಾರದು.

ಇ) ಪಂಪಿನ ಎಣ್ಣೆ: ನೀರಿನ ಮೇಲಿನ ಎಣ್ಣೆಯ ಪದರವನ್ನು ಕಾಗದ ಹಾಸಿ ಹೀರಿಸಿ, ನೀರು ಮತ್ತು ಫಿಲ್ಟರಿನ ಹತ್ತಿಯನ್ನು ಬದಲಿಸಬೇಕು.

ಈ) ಬೆಳ್ಳಿಯ ಬಣ್ಣದ ಹನಿಗಳು: ಹನಿಗಳು ಒಡೆದು ಮತ್ತೆ ಒಂದುಗೂಡಿದರೆ ಅದು ಪಾದರಸ. ಥರ್ಮಾಮೀಟರಿನ ತಳದಲ್ಲಿ ಭಾರಕ್ಕೆಂದು ಹಾಕುವ ಲೋಹದ ಗುಂಡುಗಳು ಹೀಗೆ ಒಂದುಗೂಡುವುದಿಲ್ಲ.

ಪಾದರಸವಿದ್ದಲ್ಲಿ ವಿಶೇಷ ಎಚ್ಚರಿಕೆ

ಪಾದರಸವು ನೀರಿಗಿಂತ ಸುಮಾರು 13.6 ಪಟ್ಟು ಭಾರವಾದ ಕಾರಣ ತಳದ ಕಲ್ಲುಗಳ ಸಂದಿಗೆ ಇಳಿಯುತ್ತದೆ; ಹೊರಬಿದ್ದಲ್ಲಿ ಅದರ ಆವಿ ಉಸಿರಿಗೆ ಹಾನಿಕರ. ಮಕ್ಕಳನ್ನೂ ಗರ್ಭಿಣಿಯರನ್ನೂ ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆಯಬೇಕು. ಚಿನ್ನದ ಉಂಗುರ, ಬಳೆಗಳನ್ನು ತೆಗೆದಿಟ್ಟು ಕೈಗವಸು ಧರಿಸಬೇಕು. ಪೊರಕೆ ಅಥವಾ ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು. ಹನಿಗಳನ್ನು ಸೂಜಿಯಿಲ್ಲದ ಸಿರಿಂಜಿನಿಂದ ಹೀರಿ, ಸ್ವಲ್ಪ ನೀರಿರುವ ಪ್ಲಾಸ್ಟಿಕ್ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಬೇಕು. ತಳದ ಕಲ್ಲು, ಫಿಲ್ಟರಿನ ಹತ್ತಿ ಮತ್ತು ನೀರನ್ನೂ ಮುಚ್ಚಳವಿರುವ ಡಬ್ಬಗಳಲ್ಲಿ ಪ್ರತ್ಯೇಕವಾಗಿರಿಸಿ ಚೀಟಿ ಅಂಟಿಸಬೇಕು.

ವಿಲೇವಾರಿ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೇ ಒಡೆದ ಪಾದರಸ ಥರ್ಮಾಮೀಟರನ್ನು ಗೃಹ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಲಾಗಿತ್ತು. ಇಂತಹ ತ್ಯಾಜ್ಯವನ್ನು ಸಾಮಾನ್ಯ ಕಸದೊಂದಿಗೆ ಬೆರೆಸದೆ, ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಪಟ್ಟಣ ಪಂಚಾಯಿತಿ ಅಥವಾ ತಮ್ಮ ಗ್ರಾಮ ಪಂಚಾಯಿತಿಗೆ ತಿಳಿಸಿ, ಅವರ ಸೂಚನೆಯಂತೆ ಹಸ್ತಾಂತರಿಸಬೇಕು. ಬಾವಿ, ಚರಂಡಿ, ಕೆರೆ, ಹೇಮಾವತಿ ನಾಲೆ ಅಥವಾ ತೆಂಗಿನ ಪಾತಿಗೆ ಸುರಿಯತಕ್ಕದ್ದಲ್ಲ. ಕೆರೆಗೆ ಸೇರಿದ ಪಾದರಸವು ಕ್ರಮೇಣ ಮೀನಿನ ದೇಹದಲ್ಲಿ ಸಂಗ್ರಹವಾಗಿ, ಅದನ್ನು ತಿನ್ನುವವರನ್ನು ತಲುಪುತ್ತದೆ. ಅಕ್ವೇರಿಯಂನ ಮೀನುಗಳನ್ನೂ ಕೆರೆಗೆ ಬಿಡಬಾರದು.

ಮುಂಜಾಗ್ರತೆ

ಹೊಸದಾಗಿ ಕೊಳ್ಳುವವರು ಪಾದರಸರಹಿತ ಥರ್ಮಾಮೀಟರನ್ನೇ ಆರಿಸಬೇಕು. ಚಿನ್ನದ ಮೀನುಗಳಿಗೆ ಈ ಭಾಗದ ಹವೆಯಲ್ಲಿ ಹೀಟರಿನ ಅವಶ್ಯಕತೆಯಿಲ್ಲ. ಹೀಟರನ್ನು ನೀರಿನಿಂದ ಹೊರತೆಗೆಯುವ ಮುನ್ನ ಆರಿಸಿ, ತಣಿಯಲು ಬಿಡಬೇಕು. ಬಿಸಿ ಗಾಜು ಒಡೆಯಲು ಇದೇ ಮುಖ್ಯ ಕಾರಣಗಳಲ್ಲೊಂದು.

ಅಲಂಕಾರಿಕ ಮೀನು ಸಾಕಣೆ ಕುರಿತ ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದಾಗಿದೆ.