ಪತ್ರಿಕಾ ಕಚೇರಿಯಿಂದ ರಾಷ್ಟ್ರಾಧ್ಯಕ್ಷ ಪದವಿಗೆ: ಯೂಸುಫ್ ಬಿನ್ ಇಸ್ಹಾಕ್

ಸಿಂಗಾಪುರದಲ್ಲಿ 1999ರಲ್ಲಿ ಹೊರಬಂದ ನೋಟುಗಳ ಸರಣಿಯಲ್ಲಿ, ಎರಡು ಡಾಲರಿನಿಂದ ಹಿಡಿದು ದೊಡ್ಡ ನೋಟಿನವರೆಗೆ ಎಲ್ಲದರ ಮೇಲೂ ಒಬ್ಬರದೇ ಭಾವಚಿತ್ರವಿದೆ. ಆ ದೇಶದ ಬಹುಸಂಖ್ಯಾತರು ಚೀನೀ ಮೂಲದವರು. ಆದರೆ ನೋಟಿನ ಮೇಲಿರುವುದು ಒಬ್ಬ ಮಲಯ ಮುಸ್ಲಿಮರ ಮುಖ. ಅವರೇ ಸಿಂಗಾಪುರದ ಪ್ರಥಮ ರಾಷ್ಟ್ರಾಧ್ಯಕ್ಷ ಯೂಸುಫ್ ಬಿನ್ ಇಸ್ಹಾಕ್. ಅವರು ಚುನಾವಣಾ ರಾಜಕೀಯದಿಂದ ಮೇಲೆ ಬಂದವರಲ್ಲ. ಅವರ ಬದುಕಿನ ಬಹುಭಾಗ ಕಳೆದದ್ದು ಪತ್ರಿಕಾ ಕಚೇರಿಯಲ್ಲಿ.

ಯೂಸುಫ್ ಅವರು 1910ರ ಆಗಸ್ಟ್ 12ರಂದು ಮಲಯಾದ ಪೆರಾಕ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆ ಸರಕಾರಿ ನೌಕರರು. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಮಲಯ ಶಾಲೆಯಲ್ಲಿ ಅಕ್ಷರಾಭ್ಯಾಸ ಮುಗಿಸಿ, 1923ರಲ್ಲಿ ಕುಟುಂಬದೊಂದಿಗೆ ಸಿಂಗಾಪುರಕ್ಕೆ ಬಂದು ವಿಕ್ಟೋರಿಯಾ ಬ್ರಿಡ್ಜ್ ಶಾಲೆ, ಬಳಿಕ ರಾಫಲ್ಸ್ ಸಂಸ್ಥೆಯಲ್ಲಿ ಓದಿದರು. 1927ರಲ್ಲಿ ಸೀನಿಯರ್ ಕೇಂಬ್ರಿಡ್ಜ್ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾದರು. ಇಂಗ್ಲೆಂಡಿನಲ್ಲಿ ಓದಲು ಕೊಡುತ್ತಿದ್ದ ವಿದ್ಯಾರ್ಥಿವೇತನಕ್ಕೆ ಸಿದ್ಧತೆ ಮಾಡಿದರೂ ಅದು ಕೈಗೂಡಲಿಲ್ಲ. ಆದರೆ ಅವರು ಕೈಕಟ್ಟಿ ಕೂರಲಿಲ್ಲ. ಗೆಳೆಯರೊಡನೆ ಕ್ರೀಡಾ ಪತ್ರಿಕೆಯೊಂದನ್ನು ಹೊರತಂದರು. 1933ರಲ್ಲಿ ಭಾರ ಎತ್ತುವ ಸ್ಪರ್ಧೆಯಲ್ಲಿ ಚಾಂಪಿಯನ್ ಕೂಡ ಆದರು.

1932ರಲ್ಲಿ ಅವರು ‘ವಾರ್ತಾ ಮಲಾಯಾ’ ಪತ್ರಿಕೆ ಸೇರಿದರು. ಆಗ ಮಲಯ ಭಾಷೆಯ ಮುಖ್ಯ ಪತ್ರಿಕೆಗಳ ಒಡೆತನ ಮಲಯರ ಕೈಯಲ್ಲಿರಲಿಲ್ಲ. ಮಲಯರದೇ ಬಂಡವಾಳ, ಮಲಯರದೇ ಬರವಣಿಗೆ ಇರುವ ಒಂದು ಪತ್ರಿಕೆ ಬೇಕೆಂದು ಯೂಸುಫ್ ಮತ್ತು ಸಂಗಡಿಗರು ನಿಶ್ಚಯಿಸಿದರು. ಹಣ ಎಲ್ಲಿಂದ ಬರಬೇಕು? ಊರೂರು ತಿರುಗಿ ಶೇರು ಮಾರಿದರು. ರೈತರು, ಟ್ಯಾಕ್ಸಿ ಚಾಲಕರು, ಬೀದಿ ವ್ಯಾಪಾರಿಗಳು ತಮ್ಮ ದುಡಿಮೆಯಿಂದ ಉಳಿಸಿದ್ದನ್ನು ಕೊಟ್ಟರು. 1939ರ ಮೇ 29ರಂದು ‘ಉತುಸಾನ್ ಮೆಲಾಯು’ ಹೊರಬಂತು. ಅದು ಅರೇಬಿಕ್ ಅಕ್ಷರಗಳಿಂದ ರೂಪುಗೊಂಡ ಜಾವಿ ಲಿಪಿಯಲ್ಲಿ ಅಚ್ಚಾಗುತ್ತಿತ್ತು. ಅಬ್ದುಲ್ ರಹೀಂ ಕಜಾಯಿ ಸಂಪಾದಕರಾದರೆ ಆಡಳಿತದ ಹೊಣೆ ಯೂಸುಫ್ ಅವರದಾಯಿತು. 1942ರಲ್ಲಿ ಜಪಾನೀಯರ ಆಕ್ರಮಣದಿಂದ ನಿಂತ ಪತ್ರಿಕೆ 1945ರಲ್ಲಿ ಯುದ್ಧ ಮುಗಿದೊಡನೆ ಮತ್ತೆ ಆರಂಭವಾಯಿತು. ಮಲಯ ಸಮುದಾಯವು ವಿದ್ಯೆ ಪಡೆದು ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂಬುದು ಅದರ ಮುಖ್ಯ ಧೋರಣೆ.

ಮಲಯಾ ಸ್ವತಂತ್ರವಾದ ಬಳಿಕ ಪತ್ರಿಕೆಯ ಕೇಂದ್ರ ಕೌಲಾಲಂಪುರಕ್ಕೆ ಹೋಯಿತು. ಅಲ್ಲಿನ ಆಡಳಿತ ಪಕ್ಷವು ಪತ್ರಿಕೆಯ ಮೇಲೆ ಹಿಡಿತ ಸಾಧಿಸಲು ಹೊರಟಾಗ ಯೂಸುಫ್ ಒಪ್ಪಲಿಲ್ಲ. ತಾವೇ ಕಟ್ಟಿ ಬೆಳೆಸಿದ ಪತ್ರಿಕೆಯನ್ನು 1959ರಲ್ಲಿ ಬಿಟ್ಟು ಸಿಂಗಾಪುರಕ್ಕೆ ಮರಳಿದರು. ಎರಡು ವರ್ಷಗಳ ನಂತರ ಅದೇ ಹಿಡಿತದ ವಿರುದ್ಧ ಪತ್ರಿಕೆಯ ಸಿಬ್ಬಂದಿ ಸುಮಾರು ಮೂರು ತಿಂಗಳು ಮುಷ್ಕರ ಹೂಡಿದರೂ ಗೆಲ್ಲಲಿಲ್ಲ. ಬಡವರ ಕಾಸಿನಿಂದ ಕಟ್ಟಿದ ಸಂಸ್ಥೆಯನ್ನು ಹುಟ್ಟುಹಾಕುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

1959ರ ಡಿಸೆಂಬರ್ 3ರಂದು ಯೂಸುಫ್ ಸಿಂಗಾಪುರದ ‘ಯಾಂಗ್ ದಿ ಪೆರ್ತುವಾನ್ ನೆಗಾರ’, ಅಂದರೆ ರಾಜ್ಯದ ಮುಖ್ಯಸ್ಥರಾಗಿ ಅಧಿಕಾರ ಸ್ವೀಕರಿಸಿದರು. ಅದಕ್ಕೆ ಮೊದಲು ಆ ಸ್ಥಾನದಲ್ಲಿದ್ದವರು ಬ್ರಿಟಿಷರು. ಆಡಳಿತದ ಅಧಿಕಾರ ಪ್ರಧಾನಿ ಲೀ ಕ್ವಾನ್ ಯೂ ಅವರಲ್ಲಿತ್ತು. ಯೂಸುಫ್ ಅವರದು ಗೌರವದ ಪದವಿ. ಆದರೆ ಆ ಪದವಿಗೂ ಕಠಿಣ ಪರೀಕ್ಷೆ ಎದುರಾಯಿತು. 1963ರಲ್ಲಿ ಸಿಂಗಾಪುರ ಮಲೇಶಿಯಾವನ್ನು ಸೇರಿತು. 1964ರ ಜುಲೈ 21ರಂದು ಪ್ರವಾದಿ(ಸ)ಯವರ ಜನ್ಮದಿನದ ಮೆರವಣಿಗೆಯ ವೇಳೆ ಮಲಯರಿಗೂ ಚೀನೀಯರಿಗೂ ಘರ್ಷಣೆಯಾಯಿತು. ಸೆಪ್ಟೆಂಬರಿನಲ್ಲಿ ಅದು ಮರುಕಳಿಸಿತು. ಎರಡೂ ಗಲಭೆಗಳಲ್ಲಿ 36 ಜೀವಗಳು ಬಲಿಯಾದವು. ಯೂಸುಫ್ ಬಡಾವಣೆಗಳಿಗೆ ಹೋಗಿ ಎರಡೂ ಕಡೆಯವರನ್ನು ಕಂಡು ಧೈರ್ಯ ಹೇಳಿದರು.

1965ರ ಆಗಸ್ಟ್ 9ರಂದು ಸಿಂಗಾಪುರ ಮಲೇಶಿಯಾದಿಂದ ಬೇರ್ಪಟ್ಟಿತು. ಮಲೇಶಿಯಾದ ದೊಡ್ಡ ಸಮುದಾಯದ ಭಾಗವಾಗಿದ್ದ ಅಲ್ಲಿನ ಮಲಯರು ಒಂದೇ ದಿನದಲ್ಲಿ ನೂರಕ್ಕೆ ಹದಿನೈದರಷ್ಟಿರುವ ಅಲ್ಪಸಂಖ್ಯಾತರಾದರು. ಮುಂದೇನು ಎಂಬ ಆತಂಕ ಮನೆಮನೆಯಲ್ಲಿತ್ತು. ಆ ಹೊತ್ತಿನಲ್ಲಿ ರಾಷ್ಟ್ರಾಧ್ಯಕ್ಷರ ಸ್ಥಾನದಲ್ಲಿ ತಮ್ಮವರೊಬ್ಬರು ಇದ್ದುದು ಅವರಿಗೆ ಭರವಸೆಯಾಯಿತು. ಸಮುದಾಯಕ್ಕಾಗಿ ಬಾಳಿನುದ್ದಕ್ಕೂ ದುಡಿದ ಯೂಸುಫ್ ಈಗ ಎಲ್ಲರಿಗೂ ಸೇರಿದವರಾದರು. ತನ್ನವರನ್ನು ಎತ್ತಲು ಇತರರನ್ನು ತುಳಿಯಬೇಕಾಗಿಲ್ಲ ಎಂಬುದನ್ನು ನಡೆದು ತೋರಿಸಿದರು.

ಅರಮನೆಯಂಥ ‘ಇಸ್ತಾನಾ’ ಇದ್ದರೂ ಅದರ ಆವರಣದ ಚಿಕ್ಕ ಬಂಗಲೆಯಲ್ಲಿ ವಾಸವಾಗಿದ್ದರು. ಶಾಲಾ ಶಿಕ್ಷಣ ಪಡೆಯದಿದ್ದ ಪತ್ನಿ ನೂರ್ ಆಯಿಷಾ ಅವರು ಆ ನಂತರವೇ ಇಂಗ್ಲಿಷ್ ಕಲಿತು ಸಮಾಜಸೇವೆಗೆ ಇಳಿದರು. ಅಧಿಕಾರದಲ್ಲಿರುವಾಗಲೇ 1970ರ ನವೆಂಬರ್ 23ರಂದು ಯೂಸುಫ್ ನಿಧನರಾದರು. ಅವರ ದಫನ ಕ್ರಾಂಜಿಯಲ್ಲಿ ನಡೆಯಿತು.

ಆ ಎರಡು ಡಾಲರ್ ನೋಟಿನ ಹಿಂಬದಿಯಲ್ಲಿ ಶಿಕ್ಷಣ ಸಂಸ್ಥೆಗಳ ಚಿತ್ರಗಳಿವೆ. ಅವುಗಳಲ್ಲಿ ಎರಡು ಯೂಸುಫ್ ಓದಿದ ಶಾಲೆಗಳು. ವಿದ್ಯಾರ್ಥಿ ಮಿತ್ರರು ಇದನ್ನು ಗಮನಿಸಬೇಕು. ಬಯಸಿದ ವಿದ್ಯಾರ್ಥಿವೇತನ ಸಿಗದ ಹುಡುಗನೊಬ್ಬ ಮುಂದೆ 1965ರಿಂದ ಸಿಂಗಾಪುರ ವಿಶ್ವವಿದ್ಯಾಲಯದ ಕುಲಾಧಿಪತಿಯೂ ಆದರು. ಬಾಗಿಲೊಂದು ಮುಚ್ಚಿದರೆ ಓದಿದವನಿಗೆ ಬೇರೆ ದಾರಿ ಇದ್ದೇ ಇದೆ.