ಬಲಗಾಲಿನ ಗೇರು

ಮೈಸೂರಿನಲ್ಲಿ ಬೆಳೆದ ನನ್ನಂಥವರಿಗೆ ಗೇರೆಂದರೆ ಎಡಗಾಲಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಗಾಡಿಗಳಲ್ಲಿ ಎಡಗಡೆಯ ಒಂದೇ ಲಿವರ್ ಗೇರಿಗೂ ಕಿಕ್ಕಿಗೂ ದುಡಿಯುತ್ತಿತ್ತು. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ತಂದರೆ ಗೇರು. ಜಾವಾವನ್ನು ರೂಪಿಸಿದ ಜೆಕ್ ಎಂಜಿನಿಯರುಗಳ ನಿಜವಾದ ಜಾಣತನ ಒಳಗಿತ್ತು: ಗೇರು ತುಳಿದರೆ ಕ್ಲಚ್ಚು ತಾನೇ ಬಿಡುತ್ತಿತ್ತು. ಹಳೆಯ ಜಾವಾದಲ್ಲಿ ಕ್ಲಚ್ ಕೇಬಲ್ ಹರಿದರೂ ಕಾಲಿನ ನಾಜೂಕಿನಿಂದಲೇ ಊರು ಸೇರಬಹುದಿತ್ತು.

ಚಿಕ್ಕಪ್ಪ ಸೆಕೆಂಡ್‌ಹ್ಯಾಂಡ್ ಬುಲೆಟ್ ತಂದಾಗ ಈ ಅಭ್ಯಾಸವೇ ಮುಳುವಾಯಿತು. ಅದರಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಒಂದನೆಯ ಗೇರಿಗೆ ಮೇಲೆ, ಉಳಿದ ಮೂರಕ್ಕೆ ಕೆಳಗೆ. “ಲೋ, ಹತ್ತೋ ಮುಂಚೆ ಜಾವಾನ ಮರೀಬೇಕು ಕಣೋ” ಅನ್ನುತ್ತಿದ್ದರು. ಮರೆಯದವರು ಗೇರು ಹಾಕಲು ಹೋಗಿ ಬ್ರೇಕ್ ತುಳಿಯುತ್ತಿದ್ದರು, ಅದೂ ಸರ್ಕಲ್ಲಿನ ನಡುವೆ!

ಬಲಗಾಲಿನ ಗೇರು ಇಂಗ್ಲೆಂಡಿನ ಬಳುವಳಿ. ಮೊದಲು ಪೆಟ್ರೋಲ್ ಟ್ಯಾಂಕಿನ ಪಕ್ಕದ ಕೋಲನ್ನು ಕೈಯಲ್ಲಿ ಎಳೆದು ಗೇರು ಬದಲಿಸಬೇಕಿತ್ತು. 1920ರ ದಶಕದ ಕೊನೆಗೆ ವೆಲೊಸೆಟ್ ಕಂಪನಿಯ ಹೆರಾಲ್ಡ್ ವಿಲ್ಲಿಸ್, ಪ್ರತಿಸಲ ತುಳಿದಾಗಲೂ ಒಂದೇ ಗೇರು ದಾಟಿ ಮತ್ತೆ ತನ್ನ ಜಾಗಕ್ಕೆ ಮರಳುವ ಕಾಲಿನ ಲಿವರ್ ರೂಪಿಸಿದ. ಬ್ರಿಟಿಷ್ ಕಂಪನಿಗಳು ಅದನ್ನು ಬಲಕ್ಕೇ ಇಟ್ಟವು. ಜಪಾನಿನ ಗಾಡಿಗಳು ಎಡ ಹಿಡಿದವು. 1974ರ ಸೆಪ್ಟೆಂಬರಿನಿಂದ ಅಮೆರಿಕ ಎಡಗಾಲಿನ ಗೇರನ್ನೇ ಕಡ್ಡಾಯ ಮಾಡಿದಾಗ ಟ್ರಯಂಫ್, ನಾರ್ಟನ್‌ಗಳಷ್ಟೇ ಅಲ್ಲ, ಅಮೆರಿಕದ್ದೇ ಆದ ಹಾರ್ಲೆ ಸ್ಪೋರ್ಟ್‌ಸ್ಟರ್ ಕೂಡ ಗೇರನ್ನು ಆಚೆ ಬದಿಗೆ ಸಾಗಿಸಬೇಕಾಯಿತು.

ಬುಲೆಟ್ ತಯಾರಾಗುತ್ತಿದ್ದ ಮದ್ರಾಸಿನ ತಿರುವೊಟ್ಟಿಯೂರಿಗೆ ಆ ಕಾನೂನು ತಟ್ಟಲಿಲ್ಲ. ಬುಲೆಟ್ ಹೊಸ ಶತಮಾನಕ್ಕೂ ಬಲಗಾಲನ್ನೇ ಇಟ್ಟು ಬಂತು. ಅಮೆರಿಕಕ್ಕೆ ಹೋಗುವ ಬುಲೆಟ್ಟಿಗೆ ಮಾತ್ರ ಅಡ್ಡ ಸರಳು ಹಾಕಿ ಗೇರನ್ನು ಎಡಕ್ಕೆ ತರುತ್ತಿದ್ದರು. ಕೊಂಡ ಎಷ್ಟೋ ಅಮೆರಿಕನ್ನರು ಅದನ್ನು ಬಿಚ್ಚಿ ಮತ್ತೆ ಬಲಕ್ಕೆ ಮಾಡಿಕೊಂಡರು. ಕಾನೂನು ಕಟ್ಟಿಹಾಕಿದ್ದು ತಯಾರಕರನ್ನು, ಮಾಲೀಕರನ್ನಲ್ಲ.

ನಮ್ಮಲ್ಲಿ ನಡೆದದ್ದು ಇದರ ಉಲ್ಟಾ. ಜಪಾನಿ ಗಾಡಿಗಳಲ್ಲಿ ಕಲಿತ ಹುಡುಗರು ಹಳೆ ಬುಲೆಟ್ ಕೊಂಡು ಲೇತ್ ಅಂಗಡಿಗೆ ತಳ್ಳಿಕೊಂಡು ಹೋದರು. ಗೇರಿನ ಜೊತೆಗೆ ಬ್ರೇಕನ್ನೂ ಆಚೆ ದಾಟಿಸಬೇಕು. ಎರಡು ಸರಳು, ನಾಲ್ಕಾರು ಕೀಲು. ನನಗಿದು ಎಂದೂ ಹಿಡಿಸಿಲ್ಲ. ಬುಲೆಟ್ಟಿನ ಹಳೆಯ ನಾಲ್ಕು ಗೇರಿನ ಪೆಟ್ಟಿಗೆ ಮೊದಲೇ ಗೇರುಗಳ ನಡುವೆ ಸುಳ್ಳು ನ್ಯೂಟ್ರಲ್‌ಗೆ ಬೀಳುವಂಥದ್ದು. ನ್ಯೂಟ್ರಲ್ ಹುಡುಕಲೆಂದೇ ಅದಕ್ಕೊಂದು ಬೇರೆ ಲಿವರ್ ಇತ್ತು. ಅದರ ಮೇಲೆ ಲೊಡಲೊಡ ಕೀಲುಗಳನ್ನು ಸೇರಿಸಿದರೆ ಕಾಲಿಗೆ ಏನೂ ತಿಳಿಯುವುದಿಲ್ಲ.

ಸಣ್ಣ ರಿಪೇರಿಗಳ ಮಾತು ಬೇರೆ, ಅವು ನನಗಿಷ್ಟ. ಷೂ ಪಾಲಿಶ್ ಕೆಡದಂತೆ ಲಿವರಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸುವುದು, ಹಲ್ಲು ಸವೆದು ಜಾರುವ ಲಿವರಿಗೆ ಡಬ್ಬದ ತಗಡು ಕತ್ತರಿಸಿ ಒಳಗೆ ತುರುಕಿ ಬಿಗಿಯುವುದು, ಚಪ್ಪಲಿ ಕಾಲಿನವರಿಗೆ ಹಿಮ್ಮಡಿಯಲ್ಲೂ ತುಳಿಯುವಂತೆ ಹಿಂದಕ್ಕೊಂದು ತುಂಡು ವೆಲ್ಡ್ ಮಾಡಿಸುವುದು.

ಇಂಥ ಗಾಡಿಗಳೊಂದಿಗೆ ಸಾಮಾನು ಇಲ್ಲದೆ ಘಾಟಿ ಇಳಿಯುವವರು ಇರಲಿಲ್ಲ. ಚಿಕ್ಕಪ್ಪನ ಕ್ಯಾನ್ವಾಸ್ ಸುರುಳಿಯಲ್ಲಿ ಎರಡು ವಂಶದ ಸ್ಪ್ಯಾನರುಗಳಿದ್ದವು. ಜಾವಾದ್ದು ಮಿಲಿಮೀಟರ್ ಲೆಕ್ಕ, ಬುಲೆಟ್ಟಿನದು ಇಂಗ್ಲಿಷ್ ಇಂಚು. ಅದಲು ಬದಲಾದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತಿತ್ತು. ಜೊತೆಗೆ ಪ್ಲಗ್ಗು, ಪಾಯಿಂಟ್ ಉಜ್ಜಲು ಮರಳು ಕಾಗದ, ಚೈನಿನ ಲಾಕು, ಒಂದು ಸುತ್ತು ಕಟ್ಟುತಂತಿ. ಹೊಸ ಕ್ಲಚ್ ಕೇಬಲ್ ಮಾತ್ರ ಸುರುಳಿಯಲ್ಲಿರುತ್ತಿರಲಿಲ್ಲ. ಹಳೆಯದರ ಪಕ್ಕದಲ್ಲೇ ಹ್ಯಾಂಡಲಿನಿಂದ ಕೆಳಗಿನವರೆಗೂ ಕಟ್ಟಿಟ್ಟಿರುತ್ತಿದ್ದರು. ಹರಿದರೆ ಎರಡು ತುದಿ ಸಿಕ್ಕಿಸಿದರೆ ಆಯಿತು.

ಹಳೆ ಬುಲೆಟ್ ಕೊಂಡವರು ಗೇರನ್ನು ಎಡಕ್ಕೆ ಹಾಕಿಸುವ ಮುಂಚೆ ಒಂದು ತಿಂಗಳು ಬಲಗಾಲಿನಲ್ಲೇ ಓಡಿಸಿ ನೋಡಿ. ಆಮೇಲೂ ಬೇಡವೆನಿಸಿದರೆ ಹಾಕಿಸಿ, ಆದರೆ ಬಿಚ್ಚಿದ ಲಿವರನ್ನು ಗುಜರಿಗೆ ಹಾಕಬೇಡಿ.