ಬಾತು, ಬಂದೂಕು ಮತ್ತು ಕೆರೆ

ಕಳೆದ ಅಕ್ಟೋಬರಿನಲ್ಲಿ ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ ಸಹೋದ್ಯೋಗಿಯೊಬ್ಬರು, "ಮುಂದಿನ ವಾರ ರಜೆ. ಬಾತುಕೋಳಿ ಬೇಟೆಗೆ ಕೆನಡಾಕ್ಕೆ ಹೋಗ್ತಿದ್ದೀನಿ" ಎಂದರು. ಆಮೇಲೆ, "ನಿಮ್ಮ ಇಂಡಿಯಾಕ್ಕೂ ಹೀಗೆ ಹೊರಗಿನವರು ಬೇಟೆಗೆ ಬರ್ತಾರಾ?" ಅಂತ ಕೇಳಿದರು. "ಛೆ, ನಮ್ಮಲ್ಲಿ ಕಾನೂನು ಬಿಡಲ್ಲ" ಎಂದೆ, ಸ್ವಲ್ಪ ಜಂಬದಿಂದಲೇ. ಸಮರ್‌ಸೆಟ್‌ನ ಮನೆಗೆ ಬಂದು ನಾಲ್ಕು ಪುಟ ಓದಿದ ಮೇಲೆ ಆ ಜಂಬ ಇಳಿಯಿತು.

ಒಂದು ಕಾಲದಲ್ಲಿ ಬರುತ್ತಿದ್ದರು, ಅದೂ ದಂಡಿಯಾಗಿ! ಬ್ರಿಟಿಷ್ ಅಧಿಕಾರಿಗಳಿಗೆ ಚಳಿಗಾಲವೆಂದರೆ ಕೆರೆ, ದೋಣಿ, ಬಂದೂಕು. ಭಾರತದ ಬೇಟೆಹಕ್ಕಿಗಳ ಬಗ್ಗೆ 1879ರಿಂದ 1881ರವರೆಗೆ ಮೂರು ಸಂಪುಟ ತಂದವರು ಹ್ಯೂಮ್ ಮತ್ತು ಮಾರ್ಷಲ್. ಹೌದು, 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದ ಅದೇ ಹ್ಯೂಮ್. ರಾಜಸ್ಥಾನದ ಭರತಪುರದಲ್ಲಂತೂ ವೈಸ್‌ರಾಯ್‌ಗಳಿಗಾಗಿ ಬೇಟೆಯ ಔತಣವೇ ನಡೆಯುತ್ತಿತ್ತು. 1902ರಲ್ಲಿ ಕರ್ಜನ್ ಬಂದಾಗ ಬಿದ್ದ ಹಕ್ಕಿಗಳು 540. 1938ರ ನವೆಂಬರ್ 12ರಂದು ಲಿನ್‌ಲಿತ್‌ಗೋ ಬಂದಾಗ ಒಂದೇ ದಿನಕ್ಕೆ 4,273. ಈ ಲೆಕ್ಕವನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಬೇಟೆಗೆ ಹಕ್ಕಿ ಬೇಕು, ಹಕ್ಕಿಗೆ ನೀರು ಬೇಕು. ಹಾಗಾಗಿ ಅರಸರು ಅಜಾನ್ ಬಂಡಿನಿಂದ ನೀರು ಹರಿಸಿ ಆ ಜೌಗುನೆಲವನ್ನು ಜೋಪಾನ ಮಾಡಿದರು. ಅದೇ ಇಂದಿನ ಕೇವಲದೇವ್ ರಾಷ್ಟ್ರೀಯ ಉದ್ಯಾನ, 1985ರಿಂದ ವಿಶ್ವ ಪರಂಪರೆಯ ತಾಣ.

ನಮ್ಮ ನ್ಯೂಜೆರ್ಸಿಯದೂ ಹೆಚ್ಚುಕಮ್ಮಿ ಇದೇ ಕಥೆ. ಹಿಂದೆ ಇಲ್ಲಿನ ಕರಾವಳಿಯಲ್ಲಿ ಹೊಡೆದ ಬಾತುಗಳು ನ್ಯೂಯಾರ್ಕ್ ಮಾರುಕಟ್ಟೆಗೆ ಹೋಗುತ್ತಿದ್ದವು. 1918ರ ವಲಸೆಹಕ್ಕಿ ಕಾಯಿದೆ ಆ ವ್ಯಾಪಾರಕ್ಕೆ ತಡೆ ಹಾಕಿತು. 1934ರಲ್ಲಿ ಡಕ್ ಸ್ಟ್ಯಾಂಪ್ ಬಂತು. ಬಾತು ಹೊಡೆಯುವವರು 16 ವರ್ಷ ದಾಟಿದ್ದರೆ ಅದನ್ನು ಕೊಳ್ಳಲೇಬೇಕು. ಆಗ ಅದಕ್ಕೆ ಒಂದು ಡಾಲರ್, ಈಗ 25. ಆ ದುಡ್ಡಿನಲ್ಲಿ ಸರ್ಕಾರ ಜೌಗುನೆಲ ಕೊಂಡು ಕಾಯುತ್ತದೆ. ನಮ್ಮ ತೀರದ ಫೋರ್ಸೈತ್ ವನ್ಯಜೀವಿ ಧಾಮದಲ್ಲೂ ಬೇಟೆಗಾರರ ಆ ದುಡ್ಡಿದೆ.

ಇನ್ನು ನಮ್ಮೂರಿನ ಕಡೆ ನೋಡೋಣ. ಸಲೀಂ ಅಲಿಯವರ ಮಾತಿಗೆ ಒಪ್ಪಿ ಮೈಸೂರು ಅರಸರು 1940ರಲ್ಲೇ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದರು. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು. ಬಂದೂಕೇನೋ ಮೌನವಾಯಿತು. ಕೆರೆಗಳ ಗತಿ? ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಮೇಲೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಒಂದು ಗುಂಡೂ ಹಾರಲಿಲ್ಲ, ಬಾತುಗಳು ಮಾತ್ರ ಹೋದವು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದ ನಾವ್ಯಾರೂ ಕಾಲಡಿಯ ಕೆರೆಯನ್ನು ನೆನೆಯಲಿಲ್ಲ.

ಬೇಟೆ ಸರಿ ಎಂದು ನಾನು ಹೇಳುತ್ತಿಲ್ಲ. ನಾನು ಹುಟ್ಟಾ ಸಸ್ಯಾಹಾರಿ. ಆದರೆ ಗುಂಡು ಹೊಡೆಯದೇ ಇರುವುದೊಂದೇ ಪುಣ್ಯವಲ್ಲ, ನೀರನ್ನೂ ಉಳಿಸಬೇಕು ಅಂತ ಈ ಇತಿಹಾಸ ನನಗೆ ಹೇಳಿತು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇಂದಿಗೂ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಡಿಸೆಂಬರಿನಲ್ಲಿ ಊರಿಗೆ ಹೋಗುವವರು ಮಕ್ಕಳನ್ನು ಒಂದು ಬೆಳಗ್ಗೆ ಅಲ್ಲಿಗೆ ಕರೆದುಕೊಂಡು ಹೋಗಿ. ಇಲ್ಲೇ ಉಳಿಯುವವರಿಗೂ ದಾರಿ ಇದೆ. ಡಕ್ ಸ್ಟ್ಯಾಂಪ್ ಕೊಳ್ಳಲು ಬೇಟೆಗಾರನೇ ಆಗಬೇಕಿಲ್ಲ. ಮೊನ್ನೆ ಪೋಸ್ಟಾಫೀಸಿನಲ್ಲಿ ನಾನೂ ಒಂದು ತಗೊಂಡೆ. ಸಹೋದ್ಯೋಗಿಗೆ ತೋರಿಸಿದಾಗ, "ಓ, ನೀನೂ ಬೇಟೆಗೆ ಬರ್ತೀಯಾ?" ಅಂದರು. "ಇಲ್ಲ ಮಾರಾಯ್ರೆ, ಕೆರೆ ಕಾಯೋಕೆ" ಅಂದೆ.